ಎಲೆಯೊಳಗಿನ ಶಿಲೀಂಧ್ರದಿಂದ 41 ಮಿಲಿಗ್ರಾಂ ಬಿಳಿ ಹರಳಿನವರೆಗೆ

ಬೇವಿನ ಎಲೆ ಮತ್ತು ಕಡ್ಡಿಗಳ ಒಳಗೆ ವಾಸಿಸುವ ಶಿಲೀಂಧ್ರಗಳನ್ನು ಹೊರತೆಗೆದು ಬೆಳೆಸಿ, ಅವು ತಯಾರಿಸುವ ರಾಸಾಯನಿಕಗಳಲ್ಲಿ ಉಪಯುಕ್ತವಾದ ಒಂದನ್ನಾದರೂ ಶುದ್ಧ ರೂಪದಲ್ಲಿ ಪಡೆದು ಅದರ ರಚನೆಯನ್ನು ತಿಳಿಯುವುದು ನನ್ನ ಸಂಶೋಧನೆಯ ವಿಷಯವಾಗಿತ್ತು. ಯೋಜನಾ ಪತ್ರದಲ್ಲಿ ಹದಿನಾಲ್ಕು ತಿಂಗಳು ಸಾಕೆಂದು ಬರೆದುಕೊಟ್ಟಿದ್ದೆ. ಹಿಡಿದದ್ದು ಇಪ್ಪತ್ತೆಂಟು ತಿಂಗಳು. ಕಳೆದ ವಾರ ಪ್ರಬಂಧ ಸಲ್ಲಿಸಿ ಬಂದೆ. ಹೆಚ್ಚಾಗಿ ಹಿಡಿದ ಆ ಹದಿನಾಲ್ಕು ತಿಂಗಳುಗಳನ್ನು ಕುಳಿತು ಲೆಕ್ಕ ಹಾಕಿದಾಗ, ಮೊದಲೇ ಯಾರಾದರೂ ಹೇಳಿದ್ದರೆ ತಪ್ಪಿಸಿಕೊಳ್ಳಬಹುದಾಗಿದ್ದ ತೊಡಕುಗಳೇ ಅದರಲ್ಲಿ ಬಹುಪಾಲನ್ನು ನುಂಗಿದ್ದವೆಂದು ಕಂಡಿತು. ಇದೇ ದಾರಿಯಲ್ಲಿ ಹೊರಟಿರುವವರಿಗೆ ಅವು ಒಂದೊಂದಾಗಿ ಗೊತ್ತಿರಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಈ ವಿಷಯಕ್ಕೆ ನನ್ನನ್ನು ಸೆಳೆದದ್ದು 1993ರ ಒಂದು ವರದಿ. ಪೆಸಿಫಿಕ್ ಯೂ ಮರದ ತೊಗಟೆಯೊಳಗಿನ ಟ್ಯಾಕ್ಸೊಮೈಸಿಸ್ ಆಂಡ್ರಿಯಾನೇ ಎಂಬ ಶಿಲೀಂಧ್ರವು, ಆ ಮರದಲ್ಲಿ ಸಿಗುವ ಟ್ಯಾಕ್ಸಾಲ್ ಎಂಬ ಕ್ಯಾನ್ಸರ್ ಔಷಧವನ್ನು ತಾನೇ ತಯಾರಿಸುತ್ತದೆ ಎಂದು ಸ್ಟಿಯರ್ಲ್, ಸ್ಟ್ರೋಬೆಲ್ ಮತ್ತು ಸಂಗಡಿಗರು ಅದರಲ್ಲಿ ಪ್ರಕಟಿಸಿದ್ದರು. ಗಿಡದೊಳಗೆ ರೋಗಲಕ್ಷಣವೇನನ್ನೂ ತೋರದೆ ಬದುಕುವ ಇಂಥ ಜೀವಿಗಳಿಗೆ ಎಂಡೋಫೈಟ್ ಎಂಬ ಹೆಸರು 1866ರಲ್ಲಿ ಜರ್ಮನ್ ಸಸ್ಯವಿಜ್ಞಾನಿ ಡಿ ಬಾರಿ ಬಳಸಿದಾಗಿನಿಂದಲೂ ಇದೆ. ಆದರೆ ಅವುಗಳಲ್ಲಿ ಔಷಧ ಹುಡುಕುವ ಉತ್ಸಾಹ ಹೆಚ್ಚಿದ್ದು ಈ ವರದಿಯ ನಂತರ. ಬೇವಿನೊಳಗಿನ ಯುಪೆನಿಸಿಲಿಯಂ ಕುಲದ ಶಿಲೀಂಧ್ರವೊಂದು, ಬೇವಿನ ಕೀಟನಾಶಕ ಅಂಶವಾದ ಅಜಾಡಿರಾಕ್ಟಿನ್ ತಯಾರಿಸುತ್ತದೆಂಬ 2012ರ ವರದಿಯನ್ನೂ ಓದಿದ್ದೆ. ಮರ ಕಡಿಯದೆ, ಎಲೆ ಒಣಗಿಸದೆ, ಫ್ಲಾಸ್ಕಿನಲ್ಲಿಯೇ ಔಷಧ ಬೆಳೆಯಬಹುದೆಂಬ ಕಲ್ಪನೆ ನನ್ನನ್ನು ಬಹಳವಾಗಿ ಹಿಡಿದಿತ್ತು. ಅದೇ ಟ್ಯಾಕ್ಸಾಲ್ ಪ್ರಮಾಣ ಒಂದು ಲೀಟರಿಗೆ ನ್ಯಾನೊಗ್ರಾಂಗಳಷ್ಟೇ ಇತ್ತೆಂಬುದನ್ನೂ, 2013ರಲ್ಲಿ ಮತ್ತೊಂದು ತಂಡ ಅಂಥ ಶಿಲೀಂಧ್ರಗಳ ಜೀನೋಮ್ ನೋಡಿ ಟ್ಯಾಕ್ಸಾಲ್ ತಯಾರಿಸುವ ಜೀನ್‌ಗಳು ಅಲ್ಲಿ ಕಾಣುತ್ತಿಲ್ಲ ಎಂದು ಗಂಭೀರ ಸಂಶಯ ಎತ್ತಿತೆಂಬುದನ್ನೂ ಆಮೇಲೆ ಓದಿದೆ. ನೀವು ಈ ಎರಡನ್ನೂ ಮೊದಲ ದಿನವೇ ಓದಿಕೊಳ್ಳಿ. ಗಿಡದ ಔಷಧವನ್ನೇ ಶಿಲೀಂಧ್ರದಲ್ಲಿ ಹುಡುಕುವುದು ಒಂದು ಕೆಲಸ. ಶಿಲೀಂಧ್ರ ತನ್ನದೇ ಆಗಿ ಏನು ಮಾಡುತ್ತದೆಂದು ನೋಡುವುದು ಇನ್ನೊಂದು. ಎರಡನೆಯದರಲ್ಲಿ ನೆಲ ಗಟ್ಟಿಯಾಗಿದೆ: ಜುನಿಪರ್ ಎಲೆಯ ಎಂಡೋಫೈಟ್ ಒಂದರಿಂದ ಸಿಕ್ಕ ಎನ್ಫ್ಯುಮಾಫಂಗಿನ್ ಎಂಬ ಸಂಯುಕ್ತವನ್ನು ಮಾರ್ಪಡಿಸಿ ಮಾಡಿದ ಐಬ್ರೆಕ್ಸಾಫಂಜರ್ಪ್, 2021ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಅನುಮೋದನೆ ಪಡೆಯಿತು. ನಾನು ಎರಡನೆಯ ದಾರಿ ಹಿಡಿದೆ.

ಮೊದಲ ನಾಲ್ಕು ತಿಂಗಳು ಕಾಗದಪತ್ರಗಳಿಗೇ ಹೋದವು. ನಾನು ಆರಿಸಿಕೊಂಡ ಮರಗಳು ಸಂರಕ್ಷಿತ ಜಾಗದಲ್ಲಿದ್ದವು. ನಗೋಯಾ ಒಪ್ಪಂದ 2014ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಮೇಲೆ, ಅದಕ್ಕೆ ಸಹಿ ಹಾಕಿದ ದೇಶಗಳಲ್ಲಿ ಜೈವಿಕ ಸಂಪನ್ಮೂಲ ಬಳಸುವವರು ಎಲ್ಲಿಂದ, ಯಾರ ಒಪ್ಪಿಗೆಯಿಂದ ತಂದರೆಂಬ ದಾಖಲೆ ಇಟ್ಟುಕೊಳ್ಳುವುದು ಅಗತ್ಯವಾಗಿದೆ. ಗಿಡದೊಳಗಿನ ಸೂಕ್ಷ್ಮಜೀವಿಯೂ ಸಂಪನ್ಮೂಲವೇ ಎಂಬುದು ನನಗೆ ಹೊಳೆದಿರಲಿಲ್ಲ; ಅರ್ಜಿಯಲ್ಲಿ ಕೇವಲ ಎಲೆ ಮತ್ತು ಕಡ್ಡಿ ಎಂದು ಬರೆದಿದ್ದೆ. ‘ಹಾಗೂ ಅವುಗಳಿಂದ ಪ್ರತ್ಯೇಕಿಸುವ ಶಿಲೀಂಧ್ರಗಳು’ ಎಂಬ ಮಾತಿಲ್ಲವೆಂದು ಅರ್ಜಿ ಹಿಂದಿರುಗಿತು. ತಿದ್ದಿ ಕೊಟ್ಟಾಗ ಸಸ್ಯದ ಗುರುತನ್ನು ದೃಢಪಡಿಸುವ ಹರ್ಬೇರಿಯಂ (ಒಣಗಿಸಿದ ಸಸ್ಯಗಳ ಸಂಗ್ರಹಾಲಯ) ಸಂಖ್ಯೆ ಕೇಳಿದರು. ಹರ್ಬೇರಿಯಂನವರು ಹೂವಿರುವ ಕೊಂಬೆಯನ್ನು ಒತ್ತಿ ಒಣಗಿಸಿ ತರಬೇಕೆಂದರು. ನನ್ನ ಬಳಿ ಇದ್ದದ್ದು ಬರಿಯ ಎಲೆ, ಮರವಿನ್ನೂ ಹೂ ಬಿಟ್ಟಿರಲಿಲ್ಲ. ಬೇವನ್ನು ಗುರುತಿಸಲು ಹೂ ಬೇಕೇ ಎಂದು ಆಗ ಬಹಳ ಸಂಕಟವಾಯಿತು. ಆದರೆ ಹೆಬ್ಬೇವಿನ ಎಲೆಯನ್ನು ಬೇವೆಂದು ತಂದವರಿದ್ದಾರೆಂದು ಅಲ್ಲಿನ ಹಿರಿಯರು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಸುಮ್ಮನಾದೆ. ಹೂ ಬಿಡುವವರೆಗೆ ಕಾದೆ. ನಿಮ್ಮ ಗಿಡದ ಹೂ ಬಿಡುವ ಕಾಲವನ್ನು ತಿಳಿದುಕೊಂಡು ಅರ್ಜಿಯ ದಿನವನ್ನು ಅದಕ್ಕೆ ಹೊಂದಿಸಿಕೊಂಡರೆ ಈ ಕಾಯುವಿಕೆ ತಪ್ಪುತ್ತದೆ. ಕೈಗೆ ಬಂದ ಅನುಮತಿ ಪತ್ರದ ಮೂರು ನಕಲು ಮಾಡಿಸಿ ಬೇರೆ ಬೇರೆ ಕಡೆ ಇಡಿ. ಅದು ಮತ್ತೆ ಎಲ್ಲಿ ಬೇಕಾಯಿತೆಂದು ಕೊನೆಯಲ್ಲಿ ಹೇಳುತ್ತೇನೆ.

ಐದನೆಯ ತಿಂಗಳಲ್ಲಿ ಕೆಲಸ ಶುರುವಾಯಿತು. ಎಲೆ, ಕಡ್ಡಿಗಳನ್ನು ಕಾಗದದ ಚೀಲದಲ್ಲಿ ತಂದು, 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, 24 ಗಂಟೆಯೊಳಗೆ ಕೈಗೆತ್ತಿಕೊಂಡೆ. ಇಲ್ಲಿ ಎಲ್ಲವೂ ನಿಂತಿರುವುದು ಮೇಲ್ಮೈ ಶುದ್ಧೀಕರಣದ ಮೇಲೆ. ಎಲೆಯ ಹೊರಮೈಯಲ್ಲಿ ಗಾಳಿಯಿಂದ ಬಂದು ಕುಳಿತ ಬೀಜಕಗಳು ಎಷ್ಟೋ ಇರುತ್ತವೆ; ಅವೆಲ್ಲವನ್ನೂ ಕೊಲ್ಲಬೇಕು, ಒಳಗಿರುವ ಶಿಲೀಂಧ್ರ ಮಾತ್ರ ಬದುಕಿ ಉಳಿಯಬೇಕು. ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, 70 ಶೇಕಡಾ ಎಥನಾಲ್‌ನಲ್ಲಿ ಒಂದು ನಿಮಿಷ, ಸೋಡಿಯಂ ಹೈಪೊಕ್ಲೋರೈಟ್‌ನಲ್ಲಿ ಮೂರು ನಿಮಿಷ, ಮತ್ತೆ ಎಥನಾಲ್‌ನಲ್ಲಿ ಅರ್ಧ ನಿಮಿಷ ಅದ್ದಿ, ಕ್ರಿಮಿಶುದ್ಧ ನೀರಿನಲ್ಲಿ ಮೂರು ಬಾರಿ ಜಾಲಿಸಿದೆ. ಐದು ಮಿಲಿಮೀಟರಿನ ತುಂಡುಗಳಾಗಿ ಕತ್ತರಿಸಿ, ಬ್ಯಾಕ್ಟೀರಿಯಾ ಬೆಳೆಯದಂತೆ ಕ್ಲೋರಾಂಫೆನಿಕಾಲ್ ಬೆರೆಸಿದ ಅಗರ್ (ಶಿಲೀಂಧ್ರ ಬೆಳೆಸುವ ಮೆದುಗಟ್ಟಿ ಆಹಾರ) ತಟ್ಟೆಗಳ ಮೇಲಿಟ್ಟೆ.

ಮೂರೇ ದಿನದಲ್ಲಿ ತಟ್ಟೆಗಳೆಲ್ಲ ಹಸಿರು, ಕಪ್ಪು, ಕಂದು ಬಣ್ಣಗಳಿಂದ ತುಂಬಿಕೊಂಡವು. ನಾನು ಹಿಗ್ಗಿಹೋದೆ. ಆದರೆ ಶುದ್ಧೀಕರಿಸಿದ ಎಲೆಯನ್ನು ಬರಿಯ ಅಗರ್ ಮೇಲೆ ಒತ್ತಿ, ತೆಗೆದು, ಅದರ ಅಚ್ಚು ಮಾತ್ರ ಉಳಿಸಿದ ಪರೀಕ್ಷಾ ತಟ್ಟೆಗಳಲ್ಲಿಯೂ ಅವೇ ಹಸಿರು, ಅವೇ ಕಪ್ಪು ಬೆಳೆದಿದ್ದವು. ಎಲೆಯ ಅಚ್ಚಿನ ಗೆರೆಗುಂಟ, ನಡುನರದ ಗುರುತಿನ ಮೇಲೆಯೇ, ಸಾಲಾಗಿ ಹಸಿರು ಚುಕ್ಕೆಗಳು ಎದ್ದಿದ್ದವು. ಅಂದರೆ ನನ್ನ ತಟ್ಟೆಗಳಲ್ಲಿದ್ದದ್ದು ಎಲೆಯೊಳಗಿನದಲ್ಲ, ಎಲೆಯ ಮೇಲಿನದು. ಮೂರು ವಾರದ ಕೆಲಸವನ್ನು, ಹಬೆಯಿಂದ ಎಲ್ಲ ಜೀವಿಗಳನ್ನೂ ಕೊಲ್ಲುವ ಆಟೊಕ್ಲೇವ್‌ಗೆ ಹಾಕಬೇಕಾಯಿತು. ಕಾರಣಗಳು ಎರಡಿದ್ದವು. ಹೈಪೊಕ್ಲೋರೈಟ್ ಬಾಟಲಿ ತೆರೆದು ಬಹಳ ಕಾಲವಾಗಿತ್ತು. ಅದು ಇಟ್ಟಲ್ಲಿಯೇ ಕ್ಲೋರಿನ್ ಕಳೆದುಕೊಳ್ಳುತ್ತ ಹೋಗುತ್ತದೆ, ಬಾಟಲಿಯ ಮೇಲೆ ಬರೆದ ಶೇಕಡಾವಾರು ಒಳಗೆ ಉಳಿದಿರುವುದಿಲ್ಲ. ಎರಡನೆಯದಾಗಿ ಎಲೆಯ ಮೇಣದ ಪದರದ ಮೇಲೆ ದ್ರಾವಣ ಸರಿಯಾಗಿ ಹರಡದೆ ಹನಿಗಟ್ಟಿ ಜಾರುತ್ತಿತ್ತು. ಹೊಸ ಬಾಟಲಿ ತಂದು, ಅದಕ್ಕೆ ಸೋಪಿನಂತೆ ದ್ರಾವಣವನ್ನು ಹರಡಿಸುವ ಒಂದೆರಡು ಹನಿ ಟ್ವೀನ್-20 ಬೆರೆಸಿದ ಮೇಲೆ ಅಚ್ಚಿನ ತಟ್ಟೆಗಳು ನಾಲ್ಕು ವಾರ ಖಾಲಿಯಾಗಿಯೇ ಉಳಿದವು. ಆ ಖಾಲಿ ತಟ್ಟೆಗಳ ಫೋಟೊ ತೆಗೆದಿಡಿ. ಪರೀಕ್ಷಕರು ಮೊದಲು ಕೇಳಿದ್ದೇ ಅದನ್ನು.

ಎರಡನೆಯ ಸುತ್ತಿನಲ್ಲಿ ಶಿಲೀಂಧ್ರಗಳು ತಡವಾಗಿ ಬಂದವು. ಮೊದಲ ವಾರ ಏನೂ ಇಲ್ಲ. ಎಂಟನೆಯ ದಿನ ಕಡ್ಡಿಯ ಕತ್ತರಿಸಿದ ತುದಿಯಿಂದ, ದೀಪದೆದುರು ತಟ್ಟೆ ಹಿಡಿದರೆ ಮಾತ್ರ ಕಾಣುವಂಥ, ಜೇಡರ ನೂಲಿಗಿಂತ ಸಣ್ಣ ಬಿಳಿ ಎಳೆಗಳು ಹೊರಬರತೊಡಗಿದವು. ತುದಿಯಿಂದ ಬಂದವೇ ಹೊರತು ತೊಗಟೆಯ ಮೇಲಿಂದ ಅಲ್ಲ. ಒಳಗಿನಿಂದಲೇ ಬರುತ್ತಿವೆಯೆಂದು ಆ ಹೊತ್ತು ಮನಸ್ಸಿಗೆ ನೆಮ್ಮದಿಯಾಯಿತು. ಎಳೆಯ ತುದಿಯನ್ನು ಕತ್ತರಿಸಿ ಹೊಸ ತಟ್ಟೆಗೆ ಹಾಕುತ್ತ ಆರು ವಾರ ಕಳೆದಾಗ 63 ಶುದ್ಧ ಕೃಷಿಕೆಗಳು, ಅಂದರೆ ಒಂದೊಂದೇ ಶಿಲೀಂಧ್ರ ಬೆಳೆದ ತಟ್ಟೆಗಳು, ಕೂಡಿದ್ದವು. ಬೇಗ ಬೆಳೆಯುವವು ನಿಧಾನವಾದವುಗಳನ್ನು ಮುಚ್ಚಿಬಿಡುತ್ತವೆ, ಆದ್ದರಿಂದ ಮೊದಲ ವಾರದ ನಂತರ ತಟ್ಟೆಗಳನ್ನು ಎಸೆಯಬೇಡಿ, ಮತ್ತು ಪೋಷಕಾಂಶ ಕಡಿಮೆಯಿರುವ ನೀರಿನ ಅಗರ್ ಅನ್ನೂ ಬಳಸಿ. ಈ ಕಥೆಯ ನಾಯಕನಾದ ಕ್ರಮಸಂಖ್ಯೆ 31 ಹತ್ತೊಂಬತ್ತನೆಯ ದಿನ ಹೊರಬಂದದ್ದು.

ಎಂಟನೆಯ ತಿಂಗಳಲ್ಲಿ ಯಾರೂ ಎಚ್ಚರಿಸದಿದ್ದ ಒಂದು ಕಷ್ಟ ಎದುರಾಯಿತು. ಶುದ್ಧವೆಂದು ಗುರುತಿಸಿದ್ದ ತಟ್ಟೆಗಳಲ್ಲಿ ಒಂದರ ನಂತರ ಒಂದರಂತೆ ಬೇರೆ ಶಿಲೀಂಧ್ರ ಕಾಣಿಸಿಕೊಂಡಿತು. ಕೈಯ ದೋಷವೆಂದುಕೊಂಡು ಎರಡು ವಾರ, ಶೋಧಿಸಿದ ಗಾಳಿ ಬೀಸುವ ಲ್ಯಾಮಿನಾರ್ ಪೀಠವನ್ನು ಒರೆಸಿದ್ದೇ ಒರೆಸಿದ್ದು. ಒಂದು ಸಂಜೆ ಕೆಟ್ಟ ತಟ್ಟೆಯೊಂದನ್ನು ಭೂತಗನ್ನಡಿಯಡಿ ಇಟ್ಟಾಗ, ಹೊಸ ಕಾಲೊನಿಗಳು ಅಡ್ಡಾದಿಡ್ಡಿಯಾಗಿ ಹರಡದೆ ಒಂದು ಬಾಗಿದ ಸಾಲಿನಲ್ಲಿ, ಯಾರೋ ನಡೆದುಹೋದ ಹೆಜ್ಜೆಗಳಂತೆ ಇರುವುದು ಕಂಡಿತು. ಸಾಲಿನ ಕೊನೆಯಲ್ಲಿ ಪಾರದರ್ಶಕವಾದ ಒಂದು ಚುಕ್ಕೆ ಚಲಿಸುತ್ತಿತ್ತು. ಅದು ನುಸಿ. ಶಿಲೀಂಧ್ರ ತಿನ್ನುವ ಈ ನುಸಿಗಳು ತಟ್ಟೆಯ ಮುಚ್ಚಳದ ಸಂದಿಯಿಂದ ನುಸುಳಿ, ಮೈಗೆ ಅಂಟಿದ ಬೀಜಕಗಳನ್ನು ತಟ್ಟೆಯಿಂದ ತಟ್ಟೆಗೆ ಹೊತ್ತೊಯ್ಯುತ್ತವೆ. ಇನ್‌ಕ್ಯುಬೇಟರನ್ನು ಪೂರ್ತಿ ಖಾಲಿ ಮಾಡಿ ಶುದ್ಧಗೊಳಿಸಿ, ಉಳಿದ ತಟ್ಟೆಗಳಿಗೆಲ್ಲ ಪ್ಯಾರಾಫಿಲ್ಮ್ ಸುತ್ತಿದರೂ ಹನ್ನೊಂದು ಕೃಷಿಕೆಗಳು ಶಾಶ್ವತವಾಗಿ ಹೋದವು. 31ನೆಯದು ಉಳಿದದ್ದು, ಅದರ ಪುಟ್ಟ ಅಗರ್ ತುಂಡುಗಳನ್ನು ಕ್ರಿಮಿಶುದ್ಧ ನೀರಿನ ಸೀಸೆಯಲ್ಲಿ ಹಾಕಿ ಮುಚ್ಚಿ ಫ್ರಿಜ್‌ನಲ್ಲಿ ಇಟ್ಟಿದ್ದರಿಂದ. ಶುದ್ಧ ಕೃಷಿಕೆ ಕೈಗೆ ಬಂದ ದಿನವೇ ಅದನ್ನು ಎರಡು ಬಗೆಯಲ್ಲಿ, ನೀರಿನ ಸೀಸೆಯಲ್ಲಿ ಒಂದು ಹಾಗೂ ಗ್ಲಿಸರಾಲ್ ಬೆರೆಸಿ ಮೈನಸ್ 80 ಡಿಗ್ರಿಯಲ್ಲಿ ಒಂದು, ಕಾಪಿಡಿ. ನಾಳೆ ಮಾಡೋಣವೆನ್ನಬೇಡಿ.

ಉಳಿದ 52 ಶಿಲೀಂಧ್ರಗಳನ್ನು ದ್ರವ ಮಾಧ್ಯಮದಲ್ಲಿ, ಅಂದರೆ ಪೋಷಕ ದ್ರವದಲ್ಲಿ, 21 ದಿನ ಬೆಳೆಸಿ, ದ್ರವವನ್ನು ಎಥೈಲ್ ಅಸಿಟೇಟ್‌ನೊಂದಿಗೆ ಮೂರು ಬಾರಿ ಕುಲುಕಿ, ದ್ರಾವಕವನ್ನು 40 ಡಿಗ್ರಿಯಲ್ಲಿ ರೋಟರಿ ಇವ್ಯಾಪೊರೇಟರ್‌ನಲ್ಲಿ ಆವಿಯಾಗಿಸಿ ಸಾರ ತೆಗೆದೆ. ಕುಲುಕಿದಾಗ ಎರಡು ಪದರಗಳ ನಡುವೆ ಮೊಸರಿನಂಥ ನೊರೆ ಕಟ್ಟಿ ಗಂಟೆಗಟ್ಟಲೆ ಇಳಿಯದಿದ್ದರೆ ಸ್ವಲ್ಪ ಉಪ್ಪು, ಅಂದರೆ ಶುದ್ಧ ಸೋಡಿಯಂ ಕ್ಲೋರೈಡ್, ಬೆರೆಸಿ, ಪದರಗಳು ಬೇರೆಯಾಗುತ್ತವೆ. ಈ ಹಂತದಲ್ಲಿ ನನ್ನ ಮಾರ್ಗದರ್ಶಕಿ ಕೇಳಿದ ಒಂದು ಪ್ರಶ್ನೆ ಇಡೀ ಪ್ರಬಂಧವನ್ನು ಉಳಿಸಿತು.

“ಶಿಲೀಂಧ್ರ ಹಾಕದ ಬರಿಯ ಮಾಧ್ಯಮದ ಸಾರವನ್ನೂ ತೆಗೆದಿದ್ದೀಯಾ?”

“ಇಲ್ಲ ಮೇಡಂ.”

“ಹಾಗಾದರೆ ಸಾರದಲ್ಲಿ ರೋಗಾಣು ತಡೆಯುವ ಗುಣ ಕಂಡರೆ ಅದು ಶಿಲೀಂಧ್ರದ್ದೋ ಆಲೂಗಡ್ಡೆಯ ಮಾಧ್ಯಮದ್ದೋ, ಹೇಗೆ ಹೇಳುತ್ತೀಯ?”

ಇನ್ನೂ 21 ದಿನ ಕಾಯಬೇಕಾಯಿತು. ಬರಿಯ ಮಾಧ್ಯಮದ ಸಾರ, ಸಾರ ಕರಗಿಸಲು ಬಳಸುವ ಡಿಎಂಎಸ್‌ಒ, ಈ ಎರಡೂ ಪ್ರತಿ ತಟ್ಟೆಯಲ್ಲಿ ಇರಲೇಬೇಕು. ಅವರ ಇನ್ನೊಂದು ಸಲಹೆಯನ್ನೂ ಹೇಳಬೇಕು: ಗಿಡದ ತುಂಡಿನಿಂದ ನೇರವಾಗಿ ಬಂದ ಮೊದಲ ಕೃಷಿಕೆಯನ್ನು ಪರೀಕ್ಷೆಗೆ ಬಳಸಬಾರದು, ಏಕೆಂದರೆ ಬೇವಿನದೇ ಸಂಯುಕ್ತಗಳು ಅಂಟಿಕೊಂಡು ಬಂದಿರಬಹುದು, ಮೂರು ನಾಲ್ಕು ಬಾರಿ ಹೊಸ ತಟ್ಟೆಗೆ ಬದಲಿಸಿದ ಮೇಲೆ ಉಳಿಯುವ ಗುಣ ಮಾತ್ರ ಶಿಲೀಂಧ್ರದ್ದೆನ್ನಬಹುದು.

ಸಾರಗಳನ್ನು ಎರಡು ಬ್ಯಾಕ್ಟೀರಿಯಾ, ಕ್ಯಾಂಡಿಡಾ ಎಂಬ ಯೀಸ್ಟ್, ಹಾಗೂ ಬೆಳೆಗಳಲ್ಲಿ ಚಿಬ್ಬು ರೋಗ ತರುವ ಕೊಲೆಟೊಟ್ರೈಕಮ್ ಶಿಲೀಂಧ್ರ, ಇವುಗಳ ಮೇಲೆ ಪರೀಕ್ಷಿಸಿದೆ. ರೋಗಾಣುಗಳ ಮೇಲಿನ ಕೆಲಸಕ್ಕೆ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು. ಆ ಅರ್ಜಿಯನ್ನು ಗಿಡದ ಅನುಮತಿಯ ಜೊತೆಗೇ ಹಾಕಿದ್ದರಿಂದ ಇಲ್ಲಿ ಮಾತ್ರ ನನಗೆ ತಡವಾಗಲಿಲ್ಲ. 31ರ ಸಾರ ಬ್ಯಾಕ್ಟೀರಿಯಾಗಳಿಗೆ ಏನೂ ಮಾಡಲಿಲ್ಲ, ಕ್ಯಾಂಡಿಡಾಕ್ಕೂ ಮಾಡಲಿಲ್ಲ. ಕೊಲೆಟೊಟ್ರೈಕಮ್ ಮಾತ್ರ, ಅಗರ್‌ನಲ್ಲಿ ಕೊರೆದು ಸಾರ ತುಂಬಿದ ಗುಳಿಯ ಹತ್ತಿರ ಬಂದು ಬೆಳೆಯುವುದನ್ನು ನಿಲ್ಲಿಸಿತು. ಆ ಅಂಚಿನಿಂದ ಒಂದು ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನೇರವಾಗಿ ಬೆಳೆಯಬೇಕಿದ್ದ ಎಳೆಗಳ ತುದಿಗಳು ಗಿಡ್ಡವಾಗಿ, ದಪ್ಪವಾಗಿ, ಕುಂಬಳದ ಬಳ್ಳಿಯ ಕುಡಿಯಂತೆ ಸುರುಳಿ ಸುತ್ತಿಕೊಂಡಿದ್ದವು. ನೋಡಲು ಬಹಳ ಚೆನ್ನಾಗಿತ್ತು. ಪೆನ್ಸಿಲಿನಲ್ಲಿ ಅದರ ಚಿತ್ರ ಬರೆದು, ಕೆಳಗೆ ದಿನಾಂಕ ಹಾಕಿ, ‘ತುದಿಗಳು ಸುರುಳಿ, ಸತ್ತಿಲ್ಲ’ ಎಂದು ಬರೆದೆ. ಪುಟ ಮಗುಚಿ ಮುಂದೆ ಹೋದೆ. ಅದು ಹನ್ನೊಂದನೆಯ ತಿಂಗಳು.

ಗುರುತಿಸುವ ಕೆಲಸ ಬೇಗ ಮುಗಿಯಿತು. 31 ತಟ್ಟೆಯಲ್ಲಿ ಬಿಳಿಯ ಮೆತ್ತೆಯಂತೆ ಬೆಳೆದು, ಕೆಳಭಾಗ ಕಪ್ಪಾಗಿ, ಎರಡು ತಿಂಗಳ ನಂತರ ಬೆರಳಿನಂಥ ಕಪ್ಪು ಕಡ್ಡಿಗಳನ್ನು ಎತ್ತಿತು, ಬೀಜಕ ಬಿಡಲಿಲ್ಲ. ಶಿಲೀಂಧ್ರಗಳ ಗುರುತಿಗೆ ಎಲ್ಲರೂ ಬಳಸುವ ಐಟಿಎಸ್ ಎಂಬ ಡಿಎನ್‌ಎ ಭಾಗವನ್ನು ಓದಿಸಿದಾಗ ಅದು ಕ್ಸೈಲೇರಿಯಾ ಕುಲದ್ದೆಂದು ತಿಳಿಯಿತು. ಐಟಿಎಸ್ ಒಂದರಿಂದಲೇ ಜಾತಿಯ ಹೆಸರು ಬರೆಯಲು ಹೋಗಬೇಡಿ. ಕ್ಸೈಲೇರಿಯಾ, ಕೊಲೆಟೊಟ್ರೈಕಮ್, ಫ್ಯುಸೇರಿಯಂ, ಡಯಾಪೋರ್ಥೆಗಳಲ್ಲಿ ಅದು ಸಾಲದು, ಬೀಟಾ-ಟ್ಯುಬುಲಿನ್‌ನಂಥ ಇನ್ನೊಂದೆರಡು ಜೀನ್‌ಗಳನ್ನೂ ಓದಿಸಬೇಕು.

ಮುಂದೆ ದೊಡ್ಡ ಪ್ರಮಾಣದಲ್ಲಿ ಬೆಳೆಸುವ ಹಂತ. ಹತ್ತು ಲೀಟರ್ ಮಾಧ್ಯಮ, ನಲವತ್ತು ಫ್ಲಾಸ್ಕು, ಮೂರು ವಾರ. ಸಾರ ಧಾರಾಳವಾಗಿ ಬಂತು, ಆದರೆ ಕೊಲೆಟೊಟ್ರೈಕಮ್ ಅದರ ಮೇಲೆ ಯಾವ ತೊಂದರೆಯೂ ಇಲ್ಲದೆ ಹರಡಿಕೊಂಡಿತು. ಮತ್ತೆ ಮಾಡಿದೆ, ಅದೇ ಫಲ. ಆ ಎರಡು ತಿಂಗಳು ರಾತ್ರಿ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಹಿಂದಿನ ಫಲಿತಾಂಶವೇ ತಪ್ಪಾಗಿತ್ತೇನೋ, ಇಡೀ ಒಂದು ವರ್ಷ ನಾನು ಇಲ್ಲದ್ದನ್ನು ಕಂಡೆನೇನೋ ಎಂಬ ಭಯ ಕಾಡುತ್ತಿತ್ತು. ಕಾರಣ ಟಿಪ್ಪಣಿ ಪುಸ್ತಕದಲ್ಲಿಯೇ ಇತ್ತು: ಪರೀಕ್ಷೆಯಲ್ಲಿ ಗೆದ್ದದ್ದು ನಾಲ್ಕನೆಯ ಬಾರಿ ಬದಲಿಸಿದ ಕೃಷಿಕೆ, ಫ್ಲಾಸ್ಕುಗಳಿಗೆ ಹಾಕಿದ್ದು ಹನ್ನೆರಡನೆಯದು. ಗಿಡದಿಂದ ದೂರವಾಗಿ, ಸಮೃದ್ಧ ಆಹಾರದ ಮೇಲೆ ಮತ್ತೆ ಮತ್ತೆ ಬೆಳೆಸಿದ ಎಂಡೋಫೈಟ್‌ಗಳು ತಮ್ಮ ಸಂಯುಕ್ತ ತಯಾರಿಸುವುದನ್ನು ಕ್ರಮೇಣ ನಿಲ್ಲಿಸುವುದು ಈ ಕ್ಷೇತ್ರದಲ್ಲಿ ಬಲ್ಲವರಿಗೆ ಹೊಸದೇನಲ್ಲ. ಕ್ಯಾಂಪ್ಟೊಥೆಸಿನ್ ಎಂಬ ಕ್ಯಾನ್ಸರ್ ನಿರೋಧಕ ವಸ್ತು ತಯಾರಿಸುವ ಫ್ಯುಸೇರಿಯಂ ಒಂದರಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ನೀರಿನ ಸೀಸೆಯಲ್ಲಿದ್ದ ಹಳೆಯ ತುಂಡಿನಿಂದ ಮತ್ತೆ ಎಬ್ಬಿಸಿ, ಈ ಸಲ ದ್ರವದ ಬದಲು ಬೇಯಿಸಿದ ಅಕ್ಕಿಯ ಘನ ಮಾಧ್ಯಮದಲ್ಲಿ ಬೆಳೆಸಿದೆ. ಗುಣ ಮರಳಿತು, ಮೊದಲಿಗಿಂತ ಹೆಚ್ಚಾಗಿಯೇ ಮರಳಿತು. ಒಂದೇ ಶಿಲೀಂಧ್ರ ಮಾಧ್ಯಮ ಬದಲಾದಂತೆ ಬೇರೆ ಬೇರೆ ಸಂಯುಕ್ತ ಕೊಡುತ್ತದೆ. ಆದ್ದರಿಂದ ದೊಡ್ಡ ಪ್ರಮಾಣಕ್ಕೆ ಹೋಗುವ ಮುನ್ನ ಮೂರು ನಾಲ್ಕು ಮಾಧ್ಯಮಗಳನ್ನು ಸಣ್ಣ ಪ್ರಮಾಣದಲ್ಲಿ ನೋಡಿ, ಮತ್ತು ಪ್ರತಿ ತಟ್ಟೆಯ ಮೇಲೂ ಅದು ಎಷ್ಟನೆಯ ಬದಲಾವಣೆ ಎಂದು ಬರೆಯಿರಿ.

ಹದಿನಾರನೆಯ ತಿಂಗಳಿಂದ ಇಪ್ಪತ್ತೆರಡನೆಯ ತಿಂಗಳವರೆಗೆ ಸಾರದೊಳಗಿನ ಸಂಯುಕ್ತಗಳನ್ನು ಬೇರ್ಪಡಿಸುವ ಸಿಲಿಕಾ ಸ್ತಂಭದ ಮುಂದೆ ನಿಂತದ್ದಷ್ಟೇ. ಖರ್ಚು ನಿಜವಾಗಿ ಬೀಳುವುದು ಇಲ್ಲಿ. ನನಗೆ ಮಂಜೂರಾದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಕ್ಸೇನ್, ಎಥೈಲ್ ಅಸಿಟೇಟ್, ಮೆಥನಾಲ್‌ಗಳಿಗೇ ಹೋಯಿತು. ಡಿಎನ್‌ಎ ಓದಿಸುವುದಕ್ಕೆ ಅದರ ಸಣ್ಣ ಪಾಲು ಸಾಕಾಗಿತ್ತು. ನನ್ನ ಯೋಜನಾ ಪತ್ರದಲ್ಲಿ ಈ ಅಂದಾಜು ತಿರುವುಮುರುವಾಗಿತ್ತು. ಆವಿಯಾಗಿಸಿದ ದ್ರಾವಕವನ್ನು ಹಿಡಿದು, ಬಟ್ಟಿ ಇಳಿಸಿ ಮರಳಿ ಬಳಸುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಿ. ಮೊದಲ ಸ್ತಂಭ ಹಾಳಾದದ್ದು ನನ್ನ ಆತುರದಿಂದ: ಸಂಜೆ ನಲ್ಲಿ ಪೂರ್ತಿ ಮುಚ್ಚದೆ ಹೋದೆ, ಬೆಳಿಗ್ಗೆ ಬರುವಷ್ಟರಲ್ಲಿ ದ್ರಾವಕವೆಲ್ಲ ಇಳಿದು ಸಿಲಿಕಾ ಒಣಗಿ, ಬೇಸಿಗೆಯ ಕೆರೆಯ ತಳದಂತೆ ಬಿರುಕು ಬಿಟ್ಟಿತ್ತು. ಎರಡನೆಯದರಲ್ಲಿ ಹೆಕ್ಸೇನಿಗೆ ಎಥೈಲ್ ಅಸಿಟೇಟನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ 92 ಪ್ರನಾಳಗಳನ್ನು ಹಿಡಿದು, ಸಂಯುಕ್ತಗಳನ್ನು ಚುಕ್ಕೆಗಳಾಗಿ ಬೇರ್ಪಡಿಸಿ ತೋರಿಸುವ ಟಿಎಲ್‌ಸಿ ಫಲಕದಲ್ಲಿ ಒಂದೇ ತೆರನಾಗಿ ಕಂಡವನ್ನು ಕೂಡಿಸಿ ಒಂಬತ್ತು ಗುಂಪು ಮಾಡಿ, ಪ್ರತಿಯೊಂದನ್ನೂ ಮತ್ತೆ ಕೊಲೆಟೊಟ್ರೈಕಮ್ ಮೇಲೆ ಪರೀಕ್ಷಿಸಿದೆ. ಗುಣವಿದ್ದದ್ದು ಐದನೆಯ ಗುಂಪಿನಲ್ಲಿ ಮಾತ್ರ. ಅದನ್ನು ಮತ್ತೆ ಎರಡು ಬಾರಿ ಶುದ್ಧೀಕರಿಸಿ, ಮೆಥನಾಲ್‌ನಲ್ಲಿ ಕರಗಿಸಿ ಸಣ್ಣ ಸೀಸೆಯಲ್ಲಿ ತೂತು ಕೊರೆದ ಹಾಳೆ ಮುಚ್ಚಿ ಇಟ್ಟೆ. ನಾಲ್ಕನೆಯ ದಿನ ಸೀಸೆಯ ಗೋಡೆಗೆ ಬಿಳಿಯ ಹರಳುಗಳು ಅಂಟಿಕೊಂಡಿದ್ದವು. ತೂಕ 41 ಮಿಲಿಗ್ರಾಂ. ಆ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಒಂದೂವರೆ ವರ್ಷದ ಕೆಲಸ ಅಂಗೈಯಲ್ಲಿ ಹೊಳೆಯುತ್ತಿತ್ತು.

ಅಣುವಿನ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್‌ಗೆ ಸರದಿ ಬರಲು ಐದು ವಾರ ಬೇಕಾಯಿತು. ಬಂದ ಹಾಳೆಯಲ್ಲಿ 353ರಲ್ಲಿ ಒಂದು ಶಿಖರ, ಎರಡು ಮಾನ ಮುಂದೆ 355ರಲ್ಲಿ ಅದರ ಮೂರನೆಯ ಒಂದರಷ್ಟು ಎತ್ತರದ ಇನ್ನೊಂದು. ನಿಸರ್ಗದಲ್ಲಿ ಕ್ಲೋರಿನ್ ಪರಮಾಣುಗಳು 35 ಮತ್ತು 37 ಎಂಬ ಎರಡು ತೂಕಗಳಲ್ಲಿ ಸರಿಸುಮಾರು ಮೂರಕ್ಕೆ ಒಂದರಂತೆ ಇರುತ್ತವೆ. ಆದ್ದರಿಂದ ಈ ಜೋಡಿ ಶಿಖರ ಕಂಡರೆ ಅಣುವಿನಲ್ಲಿ ಒಂದು ಕ್ಲೋರಿನ್ ಇದೆಯೆಂದೇ ಅರ್ಥ. ಕ್ಲೋರಿನ್ ಇರುವ, (ಅಳೆಯುವಾಗ ಅಂಟುವ ಒಂದು ಹೈಡ್ರೋಜನ್ ಕಳೆದರೆ) ಅಣುತೂಕ 352ರ, ಅತಿನೇರಳೆ ಬೆಳಕನ್ನು 291 ನ್ಯಾನೊಮೀಟರಿನಲ್ಲಿ ಗರಿಷ್ಠವಾಗಿ ಹೀರುವ, ಶಿಲೀಂಧ್ರದಿಂದ ಬಂದ ಸಂಯುಕ್ತ. ದತ್ತಸಂಚಯದಲ್ಲಿ ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಅದು ಗ್ರಿಸಿಯೊಫಲ್ವಿನ್. 1939ರಲ್ಲಿ ಪೆನಿಸಿಲಿಯಂ ಗ್ರಿಸಿಯೊಫಲ್ವಮ್‌ನಿಂದ ಪ್ರತ್ಯೇಕಿಸಿದ, 1950ರ ದಶಕದ ಕೊನೆಯಿಂದ ಹುಳುಕಡ್ಡಿಗೆ ಮಾತ್ರೆಯಾಗಿ ಕೊಡುತ್ತಿರುವ ಔಷಧ. ಅಣುವಿನ ರಚನೆ ತೋರಿಸುವ ಎನ್‌ಎಂಆರ್‌ನಲ್ಲಿ ಮೂರು ಮೆಥಾಕ್ಸಿ ಗುಂಪುಗಳ ಚೂಪಾದ ಶಿಖರಗಳು, 0.95ರ ಬಳಿ ಒಂದು ಮೀಥೈಲ್‌ನ ಜೋಡಿ ಶಿಖರ. ಖರೀದಿಸಿ ತಂದ ಶುದ್ಧ ಮಾದರಿಯೊಂದಿಗೆ, ಸಂಯುಕ್ತಗಳನ್ನು ಬೇರ್ಪಡಿಸುವ ಯಂತ್ರವಾದ ಎಚ್‌ಪಿಎಲ್‌ಸಿಯಲ್ಲಿ ಹೊರಬರುವ ಸಮಯವೂ ಕೂಡಿತು. ಸಂಶಯಕ್ಕೆ ಎಡೆ ಉಳಿಯಲಿಲ್ಲ.

ಅದೇ ಸಂಜೆ ಗ್ರಿಸಿಯೊಫಲ್ವಿನ್‌ನ ಇತಿಹಾಸ ಓದುತ್ತ ಕುಳಿತಾಗ ಮೈ ತಣ್ಣಗಾಯಿತು. 1946ರಲ್ಲಿ ಬ್ರಯನ್, ಕರ್ಟಿಸ್, ಹೆಮ್ಮಿಂಗ್ ಎಂಬ ಮೂವರು, ಶಿಲೀಂಧ್ರದ ಎಳೆಗಳನ್ನು ಸುರುಳಿ ಸುತ್ತಿಸುವ ಒಂದು ವಸ್ತುವನ್ನು ಕಂಡು, ಅದನ್ನು ‘ಸುರುಳಿ ಮಾಡುವ ಅಂಶ’ ಎಂಬರ್ಥದ ಹೆಸರಿನಿಂದಲೇ ಕರೆದಿದ್ದರು. ಅದು ಗ್ರಿಸಿಯೊಫಲ್ವಿನ್ನೇ ಎಂದು ಮರುವರ್ಷ ತಿಳಿದಿತ್ತು. ಬ್ಯಾಕ್ಟೀರಿಯಾಗೂ ಯೀಸ್ಟಿಗೂ ಅದು ನಾಟುವುದಿಲ್ಲ, ಎಳೆಗಳಾಗಿ ಬೆಳೆಯುವ ಶಿಲೀಂಧ್ರಗಳ ಮೇಲೆ ಮಾತ್ರ ಕೆಲಸ ಮಾಡುತ್ತದೆ ಎಂಬುದೂ ಅಲ್ಲಿಯೇ ಇತ್ತು. ನನ್ನ ಟಿಪ್ಪಣಿ ಪುಸ್ತಕದ ಹನ್ನೊಂದನೆಯ ತಿಂಗಳ ಪುಟದಲ್ಲಿ ಇದೆಲ್ಲವನ್ನೂ ನನ್ನ ಕೈಯಿಂದಲೇ ಬರೆದಿದ್ದೆ. ಕ್ಸೈಲೇರಿಯಾ ಎಂಡೋಫೈಟ್‌ಗಳಿಂದ ಗ್ರಿಸಿಯೊಫಲ್ವಿನ್ ಸಿಕ್ಕಿದೆಯೆಂಬ ವರದಿಗಳೂ ಆಗಲೇ ಪ್ರಕಟವಾಗಿದ್ದವು. ಕಚ್ಚಾ ಸಾರದ ಒಂದು ಹನಿಯನ್ನು ಆಗಲೇ, ಬೇರ್ಪಡಿಸುತ್ತಲೇ ಅಣುತೂಕವನ್ನೂ ತೋರಿಸುವ ಎಲ್‌ಸಿ-ಎಂಎಸ್‌ಗೆ ಕೊಟ್ಟಿದ್ದರೆ 353–355 ಜೋಡಿ ಅಂದೇ ಕಾಣುತ್ತಿತ್ತು, ಸ್ತಂಭದ ಮುಂದಿನ ತಿಂಗಳುಗಳನ್ನು ಬೇರೆ ಶಿಲೀಂಧ್ರಕ್ಕೆ ಕೊಡಬಹುದಿತ್ತು. ಗೊತ್ತಿರುವ ಸಂಯುಕ್ತಗಳನ್ನು ಆರಂಭದಲ್ಲಿಯೇ ಗುರುತಿಸಿ ಬದಿಗಿಡುವ ಈ ಕೆಲಸವನ್ನು ನಾನು ಕೊನೆಗೆ ಇಟ್ಟುಕೊಂಡದ್ದೇ ಅತಿ ದೊಡ್ಡ ತಪ್ಪು. ಕಚ್ಚಾ ಸಾರ ಗುಣ ತೋರಿಸಿದ ವಾರವೇ ಅದರ ಮಾಸ್ ನೋಡಿ; ಯಾರನ್ನಾದರೂ ಕಾಡಿ ಬೇಡಿಯಾದರೂ ನೋಡಿಸಿ.

ಎರಡು ದಿನ ಪ್ರಯೋಗಾಲಯಕ್ಕೆ ಹೋಗಲಿಲ್ಲ. ಮೂರನೆಯ ದಿನ ಮಾರ್ಗದರ್ಶಕಿಯ ಮುಂದೆ ಆ ಹಾಳೆ ಇಟ್ಟು, “ಹೊಸದೇನೂ ಇಲ್ಲ ಮೇಡಂ” ಎಂದೆ. ಅವರು ಜೋಡಿ ಶಿಖರಗಳ ಮೇಲೆ ಬೆರಳಿಟ್ಟು, “ಒಂದು ಶಿಲೀಂಧ್ರ ಬೇವಿನ ಕಡ್ಡಿಯೊಳಗೆ ಕೂತು, ಬೇರೆ ಶಿಲೀಂಧ್ರಗಳು ಹತ್ತಿರ ಬರದಂತೆ ಮಾಡಬಲ್ಲ ಔಷಧವನ್ನು ತಯಾರಿಸುತ್ತಿದೆ. ಅದನ್ನು ನೀನು ತಪ್ಪಿಲ್ಲದೆ ತೋರಿಸಿದ್ದೀಯ. ಅದನ್ನೇ ಬರೆ,” ಎಂದರು. ಬರೆದೆ. ಶಿಲೀಂಧ್ರ ಆ ಸಂಯುಕ್ತವನ್ನು ಮರದೊಳಗೂ ತಯಾರಿಸುತ್ತದೆಯೇ ಎಂಬುದನ್ನು ನನ್ನ ಪ್ರಯೋಗಗಳು ಹೇಳುವುದಿಲ್ಲ, ಹಾಗಾಗಿ ಫ್ಲಾಸ್ಕಿನಲ್ಲಿ ಕಂಡದ್ದನ್ನು ಮಾತ್ರ ಪ್ರಬಂಧದಲ್ಲಿ ಹೇಳಿದ್ದೇನೆ. ಅಚ್ಚಿನ ತಟ್ಟೆ, ಬರಿಯ ಮಾಧ್ಯಮದ ಸಾರ, ಬದಲಾವಣೆಯ ಲೆಕ್ಕ, ಇವು ಇದ್ದದ್ದರಿಂದ ಪರೀಕ್ಷಕರ ಪ್ರಶ್ನೆಗಳಿಗೆ ತಡವರಿಸದೆ ಉತ್ತರಿಸಿದೆ.

ಕೊನೆಯ ಕೆಲಸ, ಶಿಲೀಂಧ್ರವನ್ನು ಸಾರ್ವಜನಿಕ ಕೃಷಿಕೆ ಸಂಗ್ರಹದಲ್ಲಿ ಠೇವಣಿ ಇಡುವುದು. ಅವರು ಕೇಳಿದ ಮೊದಲ ಕಾಗದ ಆ ಅನುಮತಿ ಪತ್ರವೇ. ‘ಹಾಗೂ ಅವುಗಳಿಂದ ಪ್ರತ್ಯೇಕಿಸುವ ಶಿಲೀಂಧ್ರಗಳು’ ಎಂಬ ಸಾಲಿನ ಕೆಳಗೆ ಗೆರೆ ಎಳೆದು ನಕಲು ಇಟ್ಟುಕೊಂಡರು. ಅದು ಇಲ್ಲದಿದ್ದರೆ ಠೇವಣಿಯೂ ಇಲ್ಲ, ಠೇವಣಿ ಸಂಖ್ಯೆ ಇಲ್ಲದಿದ್ದರೆ ನಾನು ಕಳಿಸಬೇಕೆಂದಿದ್ದ ಪತ್ರಿಕೆ ಲೇಖನವನ್ನು ಪರಿಶೀಲನೆಗೆ ತೆಗೆದುಕೊಳ್ಳುವುದೂ ಇಲ್ಲ. ಶುದ್ಧತೆ ಪರೀಕ್ಷಿಸಲು ಅವರಿಗೆ ಏಳು ವಾರ ಹಿಡಿಯಿತು. ಸಂಖ್ಯೆ ಮೊನ್ನೆ ಬಂತು.

ಐದನೆಯ ಗುಂಪಿನ ಪಕ್ಕದಲ್ಲಿಯೇ ಹೊರಬಂದ ಇನ್ನೊಂದು ಸಂಯುಕ್ತ ಆರು ಮಿಲಿಗ್ರಾಂನಷ್ಟು ಸೀಸೆಯಲ್ಲಿ ಉಳಿದಿದೆ. ಅದರ ಶಿಖರ 319ರಲ್ಲಿದೆ, ಎರಡು ಮಾನ ಮುಂದೆ ಜೋಡಿಯಿಲ್ಲ. ಕ್ಲೋರಿನ್ ಇಲ್ಲದ ಡಿಕ್ಲೋರೊಗ್ರಿಸಿಯೊಫಲ್ವಿನ್ ಆಗಿರಬೇಕು. ಈ ಸಲ ಸ್ತಂಭ ಕಟ್ಟುವ ಮೊದಲೇ ಅದರ ಮಾಸ್ ನೋಡಿದ್ದೇನೆ.